ಡೀಸೆಲ್ ಟೆಂಪೊ ಕಾಯ್ದ ಗುಟ್ಟು

ನಮ್ಮ ಡೇರಿಯ ಹಳೆಯ ಡೀಸೆಲ್ ಟೆಂಪೊಗಳನ್ನೆಲ್ಲ ತೆಗೆದು ಕರೆಂಟಿನ ಗಾಡಿ ತರುತ್ತಾರೆಂಬ ಸುದ್ದಿ ಬಂದಾಗ ಡ್ರೈವರ್‌ಗಳೆಲ್ಲ ಬ್ಯಾಟರಿಯ ಚಿಂತೆಗೆ ಬಿದ್ದರು. ಮಿಶ್ರಿಕೋಟಿಯಲ್ಲಿ ಚಾರ್ಜ್ ತೀರಿದರೆ ನೂಕಿಕೊಂಡು ಬರಬೇಕೇನು, ಮಳೆಯಲ್ಲಿ ಶಾಕ್ ಹೊಡೆದರೆ ಯಾರು ಹೊಣೆ, ಹೀಗೆ. ನಾನೂ ಅವರ ಜೊತೆ ತಲೆಯಾಡಿಸುತ್ತಿದ್ದೆ. ನನ್ನ ಹೆದರಿಕೆಯೇ ಬೇರೆ ಇತ್ತು. ನನಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ.

ಇಪ್ಪತ್ತೆರಡು ವರ್ಷ ಆ ಟೆಂಪೊ ಓಡಿಸಿದ್ದೆ. ಇಂಜಿನ್ ನನ್ನ ಎಡಕ್ಕೆ, ಎರಡು ಸೀಟಿನ ನಡುವೆ, ತಗಡಿನ ಮುಚ್ಚಳದ ಕೆಳಗೆ ಕೂತು ಅರಚುತ್ತಿತ್ತು. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ. ಆದರೆ ಆ ಗಾಡಿಯಲ್ಲಿ ಮೆಲ್ಲಗೆ ಮಾತಾಡುವವರೇ ಇರಲಿಲ್ಲ. ಹಾಲು ಪರೀಕ್ಷೆಗೆಂದು ನನ್ನ ಜೊತೆ ಬರುತ್ತಿದ್ದ ಅಕ್ಕಾರು ಮೊದಲೇ ಮಿತಭಾಷಿ; ಅವರೂ ಟೆಂಪೊ ಏರಿದರೆ ಬಯಲಾಟದವರಂತೆ ಕೂಗುತ್ತಿದ್ದರು. ಕಿವುಡನೂ ಕಿವಿಯಿದ್ದವನೂ ಅಲ್ಲಿ ಒಂದೇ. ಸಂಗತಿ ಹೊರಬಿದ್ದರೆ ಸ್ಟೇರಿಂಗ್ ಕೈತಪ್ಪುತ್ತದೆ, ಐವತ್ತು ದಾಟಿದವನಿಗೆ ಇನ್ನೊಂದು ಕೆಲಸ ಯಾರು ಕೊಟ್ಟಾರು ಎಂದು ಬಾಯಿ ಹೊಲಿದುಕೊಂಡಿದ್ದೆ. ಹೆಂಡತಿಗೂ ಹೇಳಿರಲಿಲ್ಲ.

ಹೊಸ ಗಾಡಿ ಬಂತು. ಹೊಗೆಯಿಲ್ಲ, ನಡುಕವಿಲ್ಲ, ಸದ್ದಂತೂ ಇಲ್ಲವೇ ಇಲ್ಲ. ಅಕ್ಕಾರು ಈಗ ಕಿಟಕಿಯ ಕಡೆ ಮುಖ ಮಾಡಿಕೊಂಡು ತಮ್ಮ ಸಹಜ ದನಿಯಲ್ಲಿ ಏನೇನೋ ಹೇಳುತ್ತಿದ್ದರು. ನಾನು ಎಲ್ಲದಕ್ಕೂ "ಹೌದ್ರಿ" ಅನ್ನುತ್ತಿದ್ದೆ. ಅವರು ಇತ್ತ ತಿರುಗಿ ನಕ್ಕರೆ ನಾನೂ ನಗುತ್ತಿದ್ದೆ, ಅವರು ಹುಬ್ಬು ಗಂಟಿಕ್ಕಿದರೆ ನಾನೂ ಗಂಟಿಕ್ಕುತ್ತಿದ್ದೆ. ಕಲಘಟಗಿ ಬಿಟ್ಟು ದೇವಿಕೊಪ್ಪ ಮುಟ್ಟುವಷ್ಟರಲ್ಲಿ ಅಂಗಿ ಬೆವರಿನಲ್ಲಿ ತೊಯ್ದಿರುತ್ತಿತ್ತು. ಇಂಥ ಸುಖದ ಗಾಡಿಯಲ್ಲಿ ಇಷ್ಟು ಕಷ್ಟಪಟ್ಟವನು ನಾನೊಬ್ಬನೇ ಇರಬೇಕು.

ನಾಲ್ಕನೇ ದಿನ ದೇವಿಕೊಪ್ಪದ ಹಾಲಿನ ಸಂಘದ ಮುಂದೆ ನಿಲ್ಲಿಸಿದೆ. ಡೀಸೆಲ್ ಗಾಡಿಯಾದರೆ ಇಂಜಿನ್ ನಿಂತದ್ದು ಅಂಗಾಲಿಗೇ ತಿಳಿಯುತ್ತಿತ್ತು. ಇದರಲ್ಲಿ ಏನೂ ತಿಳಿಯದೆ, ಬಂದ್ ಮಾಡಿದ್ದೇನೆ ಅಂದುಕೊಂಡು ಹ್ಯಾಂಡ್‌ಬ್ರೇಕ್ ಹಾಕದೆ ಇಳಿದುಬಿಟ್ಟೆ. ಗಾಡಿ ಮೆಲ್ಲಗೆ ಮುಂದೆ ಸರಿಯಿತು. ಎದುರಿಗೆ ಒಬ್ಬ ಅಜ್ಜಿ ಹಾಲಿನ ತಂಬಿಗೆ ಹಿಡಿದು ನಿಂತಿದ್ದಳು. ಖಾಲಿ ಕ್ಯಾನುಗಳು ಉರುಳಿದವು. ಒಳಗಿದ್ದ ಅಕ್ಕಾರು ಬ್ರೇಕ್ ಎಳೆದಾಗ ಅಜ್ಜಿಗೂ ಗಾಡಿಗೂ ನಡುವೆ ಒಂದು ಮೊಳ ಉಳಿದಿತ್ತು.

"ಕಾಕಾ, ಅಷ್ಟೊತ್ತಿಂದ ಗಾಡಿ ಪೀಂ ಪೀಂ ಅನ್ನಾಕತ್ತೈತಿ. ನಿಮಗ ಕೇಳಸ್ಲಿಲ್ಲೇನ್ರಿ?" ಎಂದು ಅಕ್ಕಾರು ಇಳಿದು ಬಂದು ಕೂಗಿದರು.

ಏನಾದರೊಂದು ನೆವ ಹೇಳಬಹುದಿತ್ತು. ಅಜ್ಜಿ ತಂಬಿಗೆ ಎದೆಗೊತ್ತಿಕೊಂಡು ಇನ್ನೂ ಅಲ್ಲೇ ನಿಂತಿದ್ದಳು. ನನ್ನ ಮೇಲೆ ನನಗೇ ಹೇಸಿಕೆಯಾಯಿತು.

"ಇಲ್ರಿ ಅಕ್ಕಾರ. ನನಗ ಕಿವಿ ಕೇಳಸೂದಿಲ್ಲ. ಎಡಗಡೆದಂತೂ ಪೂರಾ ಹೋಗೇತಿ."

ಅವರು ಬೈಯಲಿಲ್ಲ. ನನ್ನ ಬಲಕ್ಕೆ ಬಂದು, ಜೋರಾಗಿ, "ಸಾಹೇಬ್ರಿಗೆ ನೀವ ಹೋಗಿ ಹೇಳ್ರಿ. ಇಲ್ಲಾಂದ್ರ ನಾ ಹೇಳಬೇಕಾಗತೈತಿ," ಅಂದರು.

ಸಂಜೆಯವರೆಗೆ ಕಾಯಲಿಲ್ಲ. ಡೇರಿಗೆ ಮರಳಿದ್ದೇ ಮ್ಯಾನೇಜರರ ಕೋಣೆಗೆ ಹೋಗಿ ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವರು ತಲೆಯೆತ್ತಿ ನೋಡಿ, ನನಗೆ ಕೇಳಿಸುವಷ್ಟು ಗಟ್ಟಿಯಾಗಿ, "ನೀವು ನಾಲ್ಕನೇದವ್ರು," ಅಂದರು.

"ಏನ್ರಿ?"

"ಈ ವಾರದಾಗ ಕಿವಿ ಕೇಳಸೂದಿಲ್ಲ ಅಂತ ಬಂದವ್ರೊಳಗ ನಾಲ್ಕನೇದವ್ರು. ಎಲ್ಲಾರೂ ಹಳೇ ಟೆಂಪೊದವ್ರ. ನಾಳೆ ಹುಬ್ಬಳ್ಳಿಗೆ ಹೋಗಿ ಕಿವಿ ತೋರಿಸ್ರಿ. ಕಿವಿಗೆ ಹಾಕೂ ಮಷೀನ್ ಬರೂತನಕ ಪ್ಯಾಕಿಂಗಿನ್ಯಾಗ ಇರ್ರಿ. ಡಾಕ್ಟರು ಹೂಂ ಅಂದ್ರ ನಿಮ್ಮ ಗಾಡಿ ನಿಮಗ."

ಹೊರಗೆ ಬಂದು ಚಾರ್ಜಿಂಗ್ ಶೆಡ್ಡಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಎದೆ ಹಗುರಾಗಿ ಅಳು ಬಂತು, ಅದರ ಹಿಂದೆಯೇ ನಗು. ಉಳಿದ ಮೂವರು ಯಾರೆಂದು ಆಮೇಲೆ ತಿಳಿಯಿತು. ಬ್ಯಾಟರಿ ಬ್ಯಾಟರಿ ಎಂದು ಎಲ್ಲರಿಗಿಂತ ಜೋರಾಗಿ ಕೂಗಾಡಿದವರೇ!

ಮನೆಗೆ ಹೋದಾಗ ಹೆಂಡತಿ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಪಕ್ಕದಲ್ಲಿ ಕೂತು, ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ತಪ್ಪಾಯಿತು ಎನ್ನುತ್ತ ಶುರು ಮಾಡಿದೆ. ಅವಳು ಕೈ ನಿಲ್ಲಿಸಲಿಲ್ಲ.

"ಗೊತ್ತೈತಿ ಬಿಡ್ರಿ."

"ಯಾವಾಗಿಂದ?"

"ಐದಾರು ವರ್ಷ ಆತು. ಮತ್ತ ಮದುವಿಗೆ ಹೋಗ್ಲಿ, ಬಸ್ಸಿನ್ಯಾಗ ಹೋಗ್ಲಿ, ನಾ ಯಾವಾಗ್ಲೂ ನಿಮ್ಮ ಬಲಕ್ಕ ಯಾಕ ಕೂಡತೀನಿ ಅಂತ ತಿಳದೀರಿ?"