ಕರಡಿಗೆ ತೆಗೆದ ದಿನ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ನಂಜನಗೂಡಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನರ್ಸಾಗಿದ್ದೆ. ಓದು ಮುಗಿದ ಮೇಲೆ ಸಿಕ್ಕ ಮೊದಲ ಕೆಲಸ. ಮನೆ ತಿ. ನರಸೀಪುರದಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಬಂದು, ಹೊತ್ತು ಮುಳುಗುವುದರೊಳಗೆ ಬಸ್ಸಿನಲ್ಲೇ ವಾಪಸು.

ಆ ಅಜ್ಜಿಯನ್ನು ಕರೆತಂದವರು ಅವರ ತಮ್ಮ. ಊರು ಕಳಲೆ ಕಡೆ. ತಮ್ಮನಿಗೆ ಪೇಟೆಯಲ್ಲಿ ಬೆಲ್ಲದ ಮಂಡಿ ಇತ್ತು. ಅಜ್ಜಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ತಮ್ಮನ ಮಕ್ಕಳನ್ನೆಲ್ಲ ಎತ್ತಿ ಬೆಳೆಸಿದವರು. ಬಹಳ ವರ್ಷದ ಸಕ್ಕರೆ ಕಾಯಿಲೆ. ಗದ್ದೆಯಲ್ಲಿ ಕೊಯ್ದ ಪೈರಿನ ಕೂಳೆ ಚುಚ್ಚಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಕಾಲಿಗೆ ಸುತ್ತಿದ್ದ ಬಟ್ಟೆಯನ್ನು ನಾನು ಬಿಚ್ಚಿದಾಗ ಬಲಗಾಲಿನ ಹೆಬ್ಬೆರಳು ಸುಟ್ಟ ಬದನೆಕಾಯಿಯ ಸಿಪ್ಪೆಯ ಹಾಗಿತ್ತು. ನೋವಿಲ್ಲ ಎಂದರು. ನೋವಿಲ್ಲ ಎಂದದ್ದಕ್ಕೇ ನನಗೆ ಹೆದರಿಕೆಯಾಯಿತು.

ಗಾಯ ತೊಳೆಯುವಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು: "ನೀವು ಯಾವ ಪೈಕಿ ಕೂಸೇ?"

ಸುಳ್ಳು ಹೇಳಬಹುದಿತ್ತು. ಜೊತೆಯಲ್ಲಿ ಓದಿದ ಕೆಲವರು ಹೇಳುತ್ತಿದ್ದರು. ನಮ್ಮ ಕೇರಿ ಯಾವುದೆಂದು ಹೇಳಿದೆ, ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡಿದ್ದೇವೆ ಎಂದೂ ಹೇಳಿದೆ. ಅವರು ಬೈಯಲಿಲ್ಲ, ಕಾಲು ಎಳೆದುಕೊಳ್ಳಲೂ ಇಲ್ಲ. ಆದರೆ ಅವತ್ತಿನಿಂದ ಮಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಳ್ಳದೆ ಸ್ಟೂಲಿನ ಮೇಲಿಡಲು ಹೇಳುತ್ತಿದ್ದರು. ಇಟ್ಟು ನಾನು ಒಂದು ಹೆಜ್ಜೆ ಹಿಂದೆ ಬಂದ ಮೇಲೆ ಕೈ ಚಾಚುತ್ತಿದ್ದರು. ಮನೆಗೆ ಹೋಗಿ ಅವ್ವನಿಗೆ ಹೇಳಿದರೆ ಅವಳು ಸೊಪ್ಪು ಸೋಸುತ್ತಲೇ, "ಕೀವು ತೊಳ್ಯಾಕೆ ಮಾತ್ರ ನಿನ್ನ ಕೈ ಆಯ್ತದಾ?" ಎಂದಳು.

ಅಜ್ಜಿಯ ಎದೆಯ ಮೇಲೆ ಬೆಳ್ಳಿಯ ಕರಡಿಗೆ ಇತ್ತು. ಲಿಂಗವನ್ನು ಒಳಗಿಟ್ಟುಕೊಂಡು ದಾರದಲ್ಲಿ ಕೊರಳಿಗೆ ಕಟ್ಟಿಕೊಳ್ಳುವ, ಮೊಟ್ಟೆಯಾಕಾರದ ಪುಟ್ಟ ಡಬ್ಬಿ. ಬೆಳಿಗ್ಗೆ ಹಾಸಿಗೆಯಲ್ಲೇ ಕೂತು, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡದೆ ಅವರು ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಎದುರು ಮಂಚದವರು ಗಟ್ಟಿಯಾಗಿ ಮಾತಾಡುತ್ತಿದ್ದರೂ ಅವರ ಕಣ್ಣು ಆ ಅಂಗೈಯಿಂದ ಕದಲುತ್ತಿರಲಿಲ್ಲ.

ಬೆರಳು ತೆಗೆಯಲೇಬೇಕು ಎಂದರು ಡಾಕ್ಟರು. ಅವರು ನಮ್ಮ ಸೀಮೆಯವರಲ್ಲ. ಕೆಲಸದಲ್ಲಿ ಚುರುಕು, ಮಾತು ಕಡಿಮೆ. ಅಜ್ಜಿಯ ಬೆನ್ನು ಬಾಗಿದ್ದರಿಂದ ಬೆನ್ನಿಗೆ ಇಂಜೆಕ್ಷನ್ ಕೊಡುವುದು ಆಗದು, ಪೂರ್ತಿ ಮತ್ತು ಬರಿಸಬೇಕು ಎಂದರು. ಆಪರೇಷನ್ ಥಿಯೇಟರಿನ ಒಳಗೆ ಮೈಮೇಲೆ ಲೋಹ, ದಾರ ಯಾವುದೂ ಇರಬಾರದು. ಅಜ್ಜಿಗೆ ಇದನ್ನು ಹೇಳಿದ್ದೇ ತಡ, ಎರಡೂ ಕೈಯಿಂದ ಕರಡಿಗೆ ಮುಚ್ಚಿಕೊಂಡರು. ಬೇಕಾದರೆ ಕಾಲೇ ಕತ್ತರಿಸಿ, ಇದು ಮಾತ್ರ ಮೈ ಬಿಟ್ಟು ಹೋಗಕೂಡದು ಎಂದರು. ಬೇರೆ ದಾರಿ ಏನೆಂದು ಅವರನ್ನು ಯಾರೂ ಕೇಳಲಿಲ್ಲ. ಹಟ ಎಂದುಕೊಂಡು ಎಲ್ಲರೂ ಸುಮ್ಮನಾದರು.

ಕಪ್ಪು ಸುಮ್ಮನಿರಲಿಲ್ಲ. ಬೆರಳಿನ ಬುಡ ದಾಟಿ ಪಾದದ ಮೇಲೆ ಹರಡಿತು. ಒಂಥರಾ ಸಿಹಿ ಬೆರೆತ ಕೊಳಕು ವಾಸನೆ. ಪಕ್ಕದ ಮಂಚದವರು ಬೇರೆ ಜಾಗ ಕೇಳಿ ಹೋದರು. ಅಜ್ಜಿಯ ತಮ್ಮ ಬಾಗಿಲ ಹತ್ತಿರವೇ ನಿಂತು, ಮೂಗಿಗೆ ಟವೆಲ್ ಹಿಡಿಯಲೂ ಆಗದೆ ಬಿಡಲೂ ಆಗದೆ ಒದ್ದಾಡುತ್ತಿದ್ದರು.

ನನ್ನ ವಾರದ ರಜೆ ಮುಗಿಸಿ ಬಂದ ಬೆಳಿಗ್ಗೆ ವಾರ್ಡಿನಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಅಜ್ಜಿಯ ಕಾಲಿಗೆ ಹೊಸ ಬ್ಯಾಂಡೇಜಿತ್ತು. ಹಿಂದಿನ ದಿನವೇ ಆಪರೇಷನ್ ಆಗಿತ್ತು. ಎಚ್ಚರವಾಗಿದ್ದರು, ಆದರೆ ಮುಖ ಗೋಡೆಯ ಕಡೆಗಿತ್ತು. ಸ್ಟೂಲಿನ ಮೇಲೆ ನೀರಿನ ಲೋಟ ತುಂಬಿದ್ದು ತುಂಬಿದ ಹಾಗೇ ಇತ್ತು. ಕರೆದರೆ ತಿರುಗಲಿಲ್ಲ. ಅವರ ಬಲಗೈ ಮಾತ್ರ ಎದೆಯ ಮೇಲೆ ಅತ್ತಿತ್ತ ಓಡಾಡುತ್ತಿತ್ತು, ಕತ್ತಲೆಯಲ್ಲಿ ಬಾಗಿಲ ಅಗುಳಿ ಹುಡುಕುವವರ ಹಾಗೆ. ಅಲ್ಲಿ ಕರಡಿಗೆ ಇರಲಿಲ್ಲ.

ತಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಅಕ್ಕನಿಗೆ ಮತ್ತು ಬಂದ ಮೇಲೆ ತೆಗೆಯಿರಿ, ಏಳುವುದರೊಳಗೆ ಕಟ್ಟಿಬಿಡೋಣ ಎಂದು ಡಾಕ್ಟರಿಗೆ ಒಪ್ಪಿಗೆ ಕೊಟ್ಟವರು ಅವರೇ. ಆದರೆ ಅಜ್ಜಿ ಅಂದುಕೊಂಡದ್ದಕ್ಕಿಂತ ಬೇಗ ಕಣ್ಣು ಬಿಟ್ಟಿದ್ದರು. ಕರಡಿಗೆ ಆಗ ತಮ್ಮನ ಜೇಬಿನಲ್ಲಿತ್ತು. ಎದುರಿಗೇ ತೆಗೆದು ಕಟ್ಟಲು ಹೋದರೆ ಅಕ್ಕ ಅವರ ಕೈ ತಳ್ಳಿದರಂತೆ. ಆಮೇಲೆ ಮಾತಿಲ್ಲ, ನೀರಿಲ್ಲ.

"ನಮ್ಮಕ್ಕ ಓಗಕ್ಕೆ ಕೂತವ್ಳೆ ಕಣ್ರೀ ಸಿಸ್ಟರ್," ಎಂದರು. "ಲಿಂಗ ಮೈ ಬುಡ್ತು, ಇನ್ನು ನೀರ್ ಯಾಕೆ ಅಂತವ್ಳೆ. ಬಾಯಲ್ಲಿ ಏಳ್ಳಿಲ್ಲ, ನಂಗೊತ್ತು."

ಡ್ರಿಪ್ ಏರಿಸಿದ್ದೆವು. ಬಾಟಲಿಯ ನೀರು ರಕ್ತಕ್ಕೆ ಇಳಿಯುತ್ತಿತ್ತು, ತುಟಿ ಮಾತ್ರ ಒಣಗಿ ಸಿಪ್ಪೆ ಏಳುತ್ತಿತ್ತು. ಮರುದಿನ ಡ್ರಿಪ್ಪಿನ ಸೂಜಿಯನ್ನೂ ಅವರೇ ಕಿತ್ತು ಹಾಕಿದರು. ಬ್ಯಾಂಡೇಜು ಬದಲಿಸುವಾಗ ನೋಡಿದೆ. ಹೊಲಿಗೆಯ ಅಂಚೆಲ್ಲ ಮತ್ತೆ ಕಪ್ಪು. ಅದು ಪಾದದಿಂದ ಮೇಲಕ್ಕೆ, ಕಣಕಾಲಿನ ಕಡೆಗೆ ಹೊರಟಿತ್ತು. ಒಂದು ಕಡೆ ರೋಗ, ಇನ್ನೊಂದು ಕಡೆ ಅವರ ತೀರ್ಮಾನ. ಎರಡೂ ಒಂದೇ ಜಾಗಕ್ಕೆ ಹೊರಟಿದ್ದವು.

ಡಾಕ್ಟರು ತಮ್ಮನನ್ನು ಕರೆಸಿ, ಇದಕ್ಕೆ ನಿಮ್ಮಲ್ಲಿ ಏನು ಮಾಡುತ್ತಾರೆ ಎಂದು ಕೇಳಿದರು. ಕೇಳಿದ್ದು ಅದೇ ಮೊದಲು. ತಮ್ಮ ಆವತ್ತೇ ಊರಿಗೆ ಹೋಗಿ ಮಠದ ಅಯ್ನೋರನ್ನು ಕರೆತಂದರು. ವಯಸ್ಸಾದವರು, ಕಾವಿ ಶಲ್ಯ, ಹಳೆಯ ಚಪ್ಪಲಿ. ಮಂಚದ ಸುತ್ತ ಪರದೆ ಎಳೆದು, ನೆಲ ತೊಳೆಸಿ ನಾವೆಲ್ಲ ಹೊರಗೆ ನಿಂತೆವು. ಒಳಗಿಂದ ಮಂತ್ರ ಕೇಳಿಸಿತು, ಆಮೇಲೆ ಅಯ್ನೋರು ಮೆತ್ತಗೆ ಏನೋ ಹೇಳುತ್ತಿದ್ದುದು ಕೇಳಿಸಿತು. ನಿನಗೆ ಅರಿವಿಲ್ಲದಾಗ ಆದದ್ದು ನಿನ್ನ ತಪ್ಪಲ್ಲ, ಗುರು ಇನ್ನೊಮ್ಮೆ ಕಟ್ಟಿದ ಮೇಲೆ ಅದು ಹೊಸ ಹುಟ್ಟು ಎಂದರಂತೆ. ಪರದೆ ಸರಿಸಿದಾಗ ಅಜ್ಜಿಯ ಹಣೆಯ ತುಂಬ ವಿಭೂತಿ. ಕರಡಿಗೆ ಎದೆಯ ಮೇಲಿತ್ತು. ಅಯ್ನೋರು ಕೊಟ್ಟ ನೀರನ್ನು ಅವರು ಕುಡಿಯುತ್ತಿದ್ದರು. ತಮ್ಮ ಗೋಡೆಗೆ ಒರಗಿ ಅತ್ತರು.

ನನಗೆ ಸಮಾಧಾನವಾಗಲಿಲ್ಲ. ಆ ಕಾಲನ್ನು ನಾನು ನೋಡಿದ್ದೆ.

ಮಂಡಿಯ ಕೆಳಗೆ ಕಾಲು ತೆಗೆಯದೆ ಗತಿಯಿರಲಿಲ್ಲ. ಈ ಸಲ ಡಾಕ್ಟರು ಸ್ಟೂಲು ಎಳೆದುಕೊಂಡು ಅಜ್ಜಿಯ ಪಕ್ಕ ಕೂತು, ಅವರಿಗೇ ಹೇಳಿದರು. ನೀವು ಹೇಗೆ ಹೇಳುತ್ತೀರೋ ಹಾಗೆ ಮಾಡೋಣ ಎಂದರು. ಅಜ್ಜಿ ಎರಡು ಮಾತು ಕೇಳಿದರು. ಲಿಂಗ ಮೈಮೇಲಿರಬೇಕು. ಕತ್ತರಿಸಿದ ಕಾಲನ್ನು ಎಲ್ಲೋ ಬಿಸಾಡದೆ ತಮ್ಮನ ಕೈಗೆ ಕೊಡಬೇಕು, ಅದನ್ನು ಅವರು ಹೊಲದಲ್ಲಿ ಹೂಳಬೇಕು. ಡಾಕ್ಟರು ಎರಡಕ್ಕೂ ಒಪ್ಪಿದರು. ಬೆಳ್ಳಿಯ ಡಬ್ಬಿ ಮನೆಗೆ ಹೋಗಲಿ, ಲಿಂಗವನ್ನು ಮಾತ್ರ ಶುದ್ಧವಾದ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಳ್ಳಲಿ ಎಂದು ಮಾತಾಯಿತು.

ಆಪರೇಷನ್ನಿನ ಬೆಳಿಗ್ಗೆ ನಾನು ಆವಿಯಲ್ಲಿ ಬೇಯಿಸಿ ಒಣಗಿಸಿದ ಗಾಜ್ ಬಟ್ಟೆ ತಂದು, ಅಂಚು ಹಿಡಿದು ಬಿಡಿಸಿದೆ. ಪೂಜೆ ಮುಗಿಸಿದ ಅಜ್ಜಿ, ನನ್ನ ಬೆರಳಿಗೆ ತಾಕದ ಹಾಗೆ, ಲಿಂಗವನ್ನು ಅದರ ನಡುವೆ ಇಟ್ಟು ತಾವೇ ಸುತ್ತಿದರು. ತಮ್ಮ ಅದನ್ನು ಅಕ್ಕನ ತೋಳಿಗೆ ಕಟ್ಟಿದರು. ಅವರು ಕೈ ತೆಗೆದ ಮೇಲೆ ಆ ಗಂಟನ್ನೇ ನೋಡುತ್ತ ನನಗೊಂದು ಭಯ ಹತ್ತಿತು. ಮೊದಲೇ ಹೇಳುವುದು ಒಳ್ಳೆಯದು ಅನ್ನಿಸಿತು.

"ಅಜ್ಜಿ, ಒಳಗೆ ಇದು ಜಾರಿದ್ರೆ ನಾನೇ ಹಿಡೀಬೇಕಾಗ್ತದೆ. ನಿಮ್ಮೋರು ಯಾರೂ ಅಲ್ಲಿಗೆ ಬರಂಗಿಲ್ಲ. ಹಿಡೀಲಾ, ಬ್ಯಾಡ್ವಾ? ಈಗ್ಲೇ ಹೇಳಿ."

ಅವರು ತೋಳಿನ ಗಂಟನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಟ್ರಾಲಿ ಬಂತು. ತಮ್ಮ, ನಾನು ಸೇರಿ ಎತ್ತಿ ಮಲಗಿಸಿದೆವು. ಥಿಯೇಟರಿನ ಬಾಗಿಲ ಹತ್ತಿರ ಅವರು ನನ್ನ ಸೀರೆಯ ಅಂಚು ಹಿಡಿದು ನಿಲ್ಲಿಸಿದರು.

"ನೆಲಕ್ಕೆ ಬೀಳಿಸ್ಬ್ಯಾಡ ಕೂಸೇ. ಇಡ್ಕೊ."

ಗಂಟು ಜಾರಿತು. ಮತ್ತು ಬಂದ ಮೇಲೆ ಅವರನ್ನು ಮೇಜಿನ ಮೇಲೆ ಸರಿಯಾಗಿ ಮಲಗಿಸುವಾಗ ತೋಳಿನ ಸಡಿಲು ಚರ್ಮದ ಮೇಲಿಂದ ಬಟ್ಟೆ ಮೊಣಕೈಗೆ ಇಳಿಯಿತು. ಕೈ ಚಾಚಿ ಹಿಡಿದೆ. ಮತ್ತೆ ಕಟ್ಟಲು ಹೊತ್ತಿರಲಿಲ್ಲ. ಡಾಕ್ಟರು ಒಮ್ಮೆ ನನ್ನ ಕಡೆ ನೋಡಿ, ಹಾಗೇ ನಿಂತಿರು ಎಂದು ಸನ್ನೆ ಮಾಡಿದರು. ಗರಗಸದ ಸದ್ದು ನಿಲ್ಲುವ ತನಕ ಅವರ ತೋಳನ್ನೂ ಆ ಪುಟ್ಟ ಗಂಟನ್ನೂ ಒಟ್ಟಿಗೆ ಮುಷ್ಟಿಯಲ್ಲಿ ಹಿಡಿದು ನಿಂತಿದ್ದೆ. ಅಷ್ಟು ಹೊತ್ತೂ ನನಗೆ ಒಂದೇ ಯೋಚನೆ, ಇವರು ಎದ್ದು ಏನು ಕೇಳುತ್ತಾರೋ.

ಎದ್ದ ಕೂಡಲೇ ಅಜ್ಜಿಯ ಕೈ ತೋಳಿಗೆ ಹೋಯಿತು. ಅಷ್ಟರಲ್ಲಿ ಮತ್ತೆ ಬಿಗಿಯಾಗಿ ಕಟ್ಟಿದ್ದೆ. "ಬಿತ್ತಾ?" ಎಂದರು. ಇಲ್ಲ ಎಂದೆ. ಬೇರೇನೂ ಕೇಳಲಿಲ್ಲ. ಮಾತ್ರೆ ಕೊಡುವ ಹೊತ್ತಿಗೆ ನಾನು ಅಭ್ಯಾಸದಂತೆ ಸ್ಟೂಲಿನ ಮೇಲಿಡಲು ಬಗ್ಗಿದೆ. ಅವರು ಅಂಗೈ ಚಾಚಿದರು. ಅದನ್ನು ಮನೆಯಲ್ಲಿ ಹೇಳಿದಾಗ ಅವ್ವ ಖುಷಿಯೇನೂ ಪಡಲಿಲ್ಲ. ಕಾಲು ಹೋದ ಮೇಲೆ ಕೈ ಬಂತು ಎಂದಷ್ಟೇ ಅಂದಳು.

ಜ್ವರ ಆ ವಾರವೇ ಏರಿತು. ವಿಷ ರಕ್ತಕ್ಕೆ ಸೇರಿತ್ತು. ಯಾವ ಔಷಧಿಗೂ ಬಗ್ಗಲಿಲ್ಲ. ಅಜ್ಜಿಗೆ ನಮಗಿಂತ ಮೊದಲೇ ತಿಳಿದಿತ್ತೆಂದು ಕಾಣುತ್ತದೆ. ಮನೆಯವರನ್ನೆಲ್ಲ ಕರೆಸಿ ನೋಡಿಕೊಂಡರು. ಒಂದು ಬೆಳಿಗ್ಗೆ ಪೂಜೆಗೆ ಕೂರಿಸಿ ಎಂದರು. ದಿಂಬು ಒತ್ತುಕೊಟ್ಟು ಕೂರಿಸಿದೆ. ಅಂಗೈಯಲ್ಲಿ ಲಿಂಗ ಇದ್ದ ಹಾಗೇ ಉಸಿರು ನಿಧಾನವಾಯಿತು, ಆಮೇಲೆ ನಿಂತಿತು.

ತಿಥಿ ಮುಗಿದ ಮೇಲೆ ತಮ್ಮ ನರ್ಸಿಂಗ್ ಹೋಮಿಗೆ ಬಂದು, ನಾನೂ ಇದ್ದಾಗಲೇ ಡಾಕ್ಟರ ಎದುರು ಕೂತರು. ಅವರಲ್ಲಿ ಕೂತ ಭಂಗಿಯಲ್ಲಿ ಮಣ್ಣು ಮಾಡುತ್ತಾರೆ. ಕಾಲನ್ನು ಮೊದಲೇ ಹೂತಿದ್ದ ಜಾಗದ ಪಕ್ಕದಲ್ಲೇ ಗುಂಡಿ ತೋಡಿಸಿ, ಮಂಡಿಯ ಕೆಳಗೆ ಮಡಿಸಿದ ಬಟ್ಟೆ ಕೊಟ್ಟು ಕೂರಿಸಿದೆವು ಎಂದು ವಿವರವಾಗಿ ಹೇಳಿದರು. ಹೇಳಿ ಮುಗಿದರೂ ಹೋಗಲಿಲ್ಲ.

"ಸಾ, ಒಂದ್ ಮಾತು. ನಾನು ಅವತ್ತು ಒಪ್ಕೊಳ್ದೇ ಇದ್ದಿದ್ರೆ ಅಕ್ಕ ಉಳೀತಿದ್ಲಾ?"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಗೊತ್ತಿಲ್ಲ ಎಂದರು. ತೋಳಿಗೆ ಕಟ್ಟಬಹುದು ಅನ್ನುವುದನ್ನು ನಾವು ಅವರು ಬಂದ ದಿನವೇ ಕೇಳಿದ್ದರೆ, ಬರೀ ಬೆರಳಿನಲ್ಲಿ ಮುಗಿಯುತ್ತಿತ್ತೇನೋ ಎಂದರು. ತಮ್ಮ ತಲೆಯಾಡಿಸಿ, ಕೈಮುಗಿದು, ಬೆಲ್ಲದ ಮಂಡಿಯ ಬಾಗಿಲು ತೆಗೆಯುವ ಹೊತ್ತಾಯಿತು ಎಂದು ಎದ್ದರು. ಡಾಕ್ಟರು ಕಿಟಕಿಯ ಕಡೆ ತಿರುಗಿ ಕೂತರು. ಹೊರಗೆ ಬೆಂಚಿನ ಮೇಲೆ ಹೊಸ ರೋಗಿಯೊಬ್ಬರು ಬಂದು ಕೂತಿದ್ದರು, ಕಾಲಿಗೆ ಬಟ್ಟೆ ಸುತ್ತಿಕೊಂಡು. ನಾನು ಬಿಚ್ಚಲು ಹೋದೆ.