ದೌಲಪ್ಪನ ಕಫ, ಸೂಗಮ್ಮನ ಕೊಡ

ಕಮಲಾಪುರದಲ್ಲಿ ದೌಲಪ್ಪ ಕೆಮ್ಮಿದರೆ ಕಲಬುರಗಿ ಕೋಟೆಯ ಪಾರಿವಾಳಗಳು ಎದ್ದು ಹಾರುತ್ತಿದ್ದವು. ನಡುವೆ ಬಸ್ಸಿನಲ್ಲಿ ಒಂದು ತಾಸಿನ ಹಾದಿ ಇದೆಯಲ್ಲ ಎಂದು ನೀವು ತಕರಾರು ತೆಗೆಯಬಹುದು. ಆ ಕೆಮ್ಮು ಕೇಳದವರು ಮಾತಾಡುವುದೇ ಹಾಗೆ.

ಕೆಂಪು ಬಾಳೆಯ ಗೊನೆಗಳನ್ನು ಕೋಣೆಯಲ್ಲಿ ಪೇರಿಸಿ, ಬಾಗಿಲ ಸಂದಿಗೆ ಮಣ್ಣು ಮೆತ್ತಿ, ಒಳಗೆ ಹೊಗೆ ಹಾಕಿ ಹಣ್ಣು ಮಾಡುವುದು ಅವನ ಕಸುಬು. ಹದ ನೋಡಲು ಆ ಹೊಗೆಯೊಳಗೆ ತಲೆ ತೂರಿಸಿ ತೂರಿಸಿ, ಕಾಯಿಗಿಂತ ಮೊದಲು ಅವನ ಪುಪ್ಪುಸವೇ ಮಾಗಿತ್ತು. ಹಣ್ಣನ್ನು ಬಸ್ಸಿನ ಮೇಲೆ ಹೇರಿಕೊಂಡು ಹೋಗಿ ಕಲಬುರಗಿಯ ಪೇಟೆ ಜಗತ್‌ನಲ್ಲಿ ಮಾರುತ್ತಿದ್ದ. ನಲವತ್ತು ದಾಟುವುದರೊಳಗೆ ಎದೆಯಲ್ಲಿ ಕಫ ಠಾಣೆ ಹೂಡಿತು.

ಅವರ ಮನೆಯಲ್ಲಿ ಕಫಕ್ಕೆ ಒಂದೇ ಕಾನೂನು: ನೀರು ಕೊಡಬಾರದು. ಕುಡಿದ ನೀರೇ ಕಫವಾಗುತ್ತದೆ, ಒಣಗಿಸಿದರೆ ಸಾಯುತ್ತದೆ ಎಂಬುದು ದೌಲಪ್ಪನ ತಾಯಿ ಅಂಬಮ್ಮನ ವೈದ್ಯ. ಅವನಿಗೆ ಖಡಕ್ ರೊಟ್ಟಿ, ಹುರಿಗಡಲೆ, ಗಂಟಲು ತೋಯುವಷ್ಟು ಒಂದು ಗುಟುಕು. ನೆರಳೇ ನೆರಳು ಹುಡುಕಿಕೊಂಡು ಅಲೆಯುವ ನಮ್ಮ ಬೇಸಿಗೆಯಲ್ಲೂ ಹೆಂಡತಿ ಸೂಗಮ್ಮ ಕೊಡದ ಮುಂದೆ ಕಾವಲು ಕೂತಿರುತ್ತಿದ್ದಳು. ಬಹಮನಿ ಸುಲ್ತಾನರಿಗೆ ಅಂಥ ಒಬ್ಬ ಕಾವಲುಗಾರ ಸಿಕ್ಕಿದ್ದರೆ ಇವತ್ತಿಗೂ ಅವರದೇ ರಾಜ್ಯ.

ನಗುವಂತಿರಲಿಲ್ಲ. ಅವಳ ಚೊಚ್ಚಲ ಕೂಸು ಎದೆ ಕಟ್ಟಿ ಒದ್ದಾಡುತ್ತ ನೀರು ಕೇಳಿತ್ತು, ಕೊಟ್ಟಿದ್ದಳು. ಬೆಳಗಾಗುವುದರೊಳಗೆ ಕೂಸು ಹೋಯಿತು. ಮಣ್ಣು ಮಾಡಿ ಬಂದವರು ಕಾಲು ತೊಳೆಯುವ ಮೊದಲೇ ಅಂಬಮ್ಮ, “ನೀರ ಕುಡಿಸಿ ಕೊಂದಿ,” ಎಂದಿದ್ದಳು. ಓಣಿಯೆಲ್ಲ ಅದನ್ನೇ ಅಂದಿತು.

ತೊಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ದೌಲಪ್ಪ ಜಗತ್‌ನಲ್ಲಿ ಹಣ್ಣಿನ ಬುಟ್ಟಿಯ ಮೇಲೆಯೇ ಕವುಚಿ ಬಿದ್ದ. ರಿಕ್ಷಾದಲ್ಲಿ ಹಾಕಿಕೊಂಡು ಅಲ್ಲೇ ಗಾಜಿಪುರ ಬಡಾವಣೆಯ ಡಾಕ್ಟರ್ ಪಾಂಡುರಂಗರಾಯರ ಬಳಿ, ಅವನ ಓಣಿಯವನಾದ ನಾನೇ ಒಯ್ದೆ. ಪ್ಲಾಸ್ಟಿಕ್ ಕೊಳವೆಯಲ್ಲಿಟ್ಟು ಉಸಿರಿನ ಜೊತೆ ಎಳೆದುಕೊಳ್ಳುವ ಔಷಧದ ಪುಡಿಯನ್ನು ಅವರು ಕೊಟ್ಟು ವರ್ಷವಾಗಿತ್ತು. ಇವನು ಗೋದಾಮುಗಟ್ಟಲೆ ಎಳೆದಿದ್ದ, ಗುಣವಿರಲಿಲ್ಲ. ಪುಡಿಯೇ ಖೋಟಾ ಇರಬೇಕೆಂದು ಅವನ ಗುಮಾನಿ. ರಾಯರು ತಾಟಿನಲ್ಲಿ ಉಗುಳಿಸಿ, ತಾಟನ್ನು ಓರೆ ಮಾಡಿದರು. ಕಫ ಕದಲಲಿಲ್ಲ. ಅದರಿಂದ ಇಟ್ಟಂಗಿ ಕೂಡಿಸಿ ಮನೆ ಕಟ್ಟಬಹುದಿತ್ತು.

“ಪುಡಿ ಛಲೋನೇ ಅದ, ದೌಲಪ್ಪ. ಕಫ ತಿಳಿ ಇದ್ರ ಔಷಧದ ಕಣ ನುಸುಳಿ ಒಳಗ ಮುಟ್ಟತದ. ನಿಂದು ಅಂಟು ಪಾಕ ಆಗ್ಯಾದ. ಬಂದ ಕಣ ಎಲ್ಲಾ ಬೆಲ್ಲಕ್ಕ ನೊಣ ಸಿಕ್ಕಂಗ ಮ್ಯಾಲೇ ಸಿಕ್ಕೋತಾವ. ನೀರ ಎಷ್ಟ ಕುಡೀತಿ?”

“ಮನ್ಯಾಗ ಕೊಡಂಗಿಲ್ರೀ.”

ರಾಯರು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಬೈದರು. ನೀರು, ಗಂಜಿ, ಬಿಸಿನೀರಿನ ಹಬೆ. ಕಫ ಸಡಿಲಾಗಲಿ, ಪುಡಿ ತಾನೇ ಇಳಿಯುತ್ತದೆ ಎಂದರು. ದೌಲಪ್ಪ ಹೊರಗಿನ ನಳಕ್ಕೆ ಬಾಯಿ ಹಚ್ಚಿ ಕುಡಿದ ರೀತಿಗೆ ಗಾಜಿಪುರಕ್ಕೆ ಎರಡು ದಿನ ನೀರು ಬರಲಿಲ್ಲ. ಬಸ್ಸಿನಲ್ಲಿ ಅವನಿಗೆ ತನ್ನ ಎದೆಯ ಚಿಂತೆಯೇ ಇರಲಿಲ್ಲ.

“ಕೂಸು ನೀರಿಗಿ ಸತ್ತಿಲ್ಲ. ಸೂಗಿಗಿ ಹೇಳಬೇಕು,” ಎಂದ.

ಹೇಳಿದ. ಸೂಗಮ್ಮ ಕೇಳುತ್ತ ಕೇಳುತ್ತಲೇ ಎದ್ದು ಚೊಂಬು ತುಂಬಿಕೊಂಡು ಬಂದಳು. ಹೊಸ್ತಿಲ ಮೇಲಿದ್ದ ಅಂಬಮ್ಮ ತಲೆಯೆತ್ತದೆ ಜೋಳ ಹಸನು ಮಾಡುತ್ತಲೇ ಅಂದಳು: “ಕೂಸಿಂದಾತು. ಇನ್ನ ಗಂಡಂದೇನು?”

ಚೊಂಬಿನ ನೀರು ಕೊಡಕ್ಕೆ ವಾಪಸು ಹೋಯಿತು. ಪಾರಿವಾಳ ಹಾರಿಸುವ ದೌಲಪ್ಪನಿಗೆ ತಾಯಿಯ ಮುಂದೆ ಕೆಮ್ಮುವಷ್ಟೂ ದನಿ ಬರಲಿಲ್ಲ. ನಾನೂ ರಾಯರ ಮಾತನ್ನೇ ಮತ್ತೆ ಹೇಳಿ ನೋಡಿದೆ. ಕಲಬುರಗಿಯ ಡಾಕ್ಟರಿಗೆ ಕಮಲಾಪುರದ ಬಾವಿ ಗೊತ್ತೇನು ಎಂದಳು ಮುದುಕಿ. ಆಮೇಲೆ ಅವನಿಗೆ ಬಸ್ಸು ಹತ್ತುವ ಶಕ್ತಿಯೂ ಉಳಿಯಲಿಲ್ಲ. ಗಾಜಿಪುರದ ನಳವೂ ತಪ್ಪಿತು. ಕೊನೆಯವರೆಗೂ ಪುಡಿ ಎಳೆಯುತ್ತಿದ್ದ. ನೀರು ಕುಡಿದಿದ್ದರೆ ಉಳಿಯುತ್ತಿದ್ದನೇ, ನನಗೆ ಗೊತ್ತಿಲ್ಲ. ಬಾಯಾರಿ ಅಂತೂ ಸಾಯುತ್ತಿರಲಿಲ್ಲ.

ಉಸಿರು ಮೇಲಕ್ಕೆ ಹತ್ತಿದ ದಿನ ಬಾಯಿಗೆ ನೀರು ಬಿಡಲು ಅಂಬಮ್ಮನೇ ಎಲ್ಲರನ್ನೂ ಕರೆದಳು. ಹೋಗುವವರಿಗೆ ನೀರು ಬಿಡುವುದು ಪುಣ್ಯ, ಅದಕ್ಕೆ ಯಾವ ಪಥ್ಯವೂ ಇಲ್ಲ. ಓಣಿ ಸಾಲುಗಟ್ಟಿತು. ಅಷ್ಟು ವರ್ಷ ಹನಿ ಕೊಡದವರು ಸರದಿಯಲ್ಲಿ ನಿಂತು ಚಮಚ ಚಮಚ ಬಿಟ್ಟರು. ಕಡೆಗೆ ಸೂಗಮ್ಮ ಬಂದಳು, ಚೊಂಬು ಹಿಡಿದು, ಅತ್ತೆಯ ಮುಖವನ್ನೇ ನೋಡುತ್ತ.

“ಈಗ ಕೊಡಬಹುದೇನ್ರೀ, ಅತ್ತಿ?”

ಅವಳು ಬಿಟ್ಟ ನೀರು ಒಳಗೆ ಇಳಿಯದೆ, ಕಟವಾಯಿಯಿಂದ ಜಾರಿ ದಿಂಬು ಸೇರಿತು.