ಕ್ರಿಯಾಪದ ಬರುವವರೆಗೆ

ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಒಂದು ದವಡೆ. ಎಡಪುಟದ ಮೇಲೆ ಮೇಲಿನ ಸಾಲು, ಬಲಪುಟದ ಮೇಲೆ ಕೆಳಗಿನ ಸಾಲು. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲಿದ್ದ ಆ ಹಲ್ಲಿನ ಕ್ಲಿನಿಕ್ಕಿನಲ್ಲಿ ಅದು ಸದಾ ಒಂದು ಕನ್ನಡ ಪುಸ್ತಕವನ್ನು ಕಚ್ಚಿ ಹಿಡಿದಿರುತ್ತಿತ್ತು. "ಯಾರೋ ಅಚ್ಚು ಕೊಟ್ಟು ಹೋದೋರು ತಿರುಗಿ ಬರಲೇ ಇಲ್ಲ. ಬಾಯಿ ಸುಮ್ನೆ ಯಾಕೆ ಬಿದ್ದಿರ್ಬೇಕು ಅಂತ ಕೆಲಸಕ್ಕೆ ಹಚ್ಚಿದೆ" ಎನ್ನುತ್ತಿದ್ದರು ಡಾಕ್ಟರಮ್ಮ.

ಫ್ರೇಜರ್ ಟೌನಿನವರು. ಮನೆಯ ಮಾತು ದಖನಿ. ಕನ್ನಡವನ್ನು ಶಾಲೆಯಲ್ಲಿ ಓದಿ ಕಲಿತವರು. ನನ್ನದು ಅಜ್ಜಿಯ ಮಡಿಲಲ್ಲಿ ಕೇಳಿ ಕಲಿತ ಕನ್ನಡ ಎಂದು ಹೆಮ್ಮೆಯಿಂದ ಹೇಳಿದಾಗ, "ಅದಕ್ಕೇ ಸೋಮಾರಿ ಆಗಿದ್ದೀಯ. ಪುಕ್ಕಟೆ ಸಿಕ್ತಲ್ಲ!" ಎಂದಿದ್ದರು.

ನಾನು ಮೊದಲು ಹೋದದ್ದು ಬೇರಿನವರೆಗೆ ಹುಳುಕು ಹಿಡಿದಿದ್ದ ಒಂದು ದವಡೆಹಲ್ಲಿನ ಸಲುವಾಗಿ. ಆಗ ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನಲ್ಲಿ ನನ್ನ ಕೆಲಸ. ಆ ವರ್ಷ ನಮ್ಮ ಆಫೀಸಿಗೆ ಓದಿನ ಜ್ವರ ಬಂದಿತ್ತು. ತಿಂಗಳಿಗೊಂದು ಪುಸ್ತಕ ಮುಗಿಸಿ, ಕಾಫಿ ಲೋಟದ ಪಕ್ಕ ಇಟ್ಟು ಫೋಟೊ ತೆಗೆದು ಗ್ರೂಪಿಗೆ ಹಾಕಬೇಕು. ಉಳಿದವರು ಚಪ್ಪಾಳೆಯ ಚಿತ್ರ ಒತ್ತಬೇಕು. ಎಲ್ಲರ ಲೋಟವೂ ಖಾಲಿಯಾಗಿರುತ್ತಿತ್ತು, ಯಾರ ಪುಸ್ತಕದ ಬೆನ್ನೂ ಮುರಿದಿರುತ್ತಿರಲಿಲ್ಲ. ಅವರನ್ನು ಕಂಡು ನಗುತ್ತಿದ್ದೆ, ನಿಜ. ಆದರೆ ನನಗೂ ಅರ್ಧ ಪುಟ ದಾಟುವಷ್ಟರಲ್ಲಿ ಕೈ ತಾನಾಗಿ ಫೋನಿಗೆ ಹೋಗುತ್ತಿತ್ತು. ಕಥೆ ಕೇಳಿ ಬೆಳೆದವಳಿಗೆ ಒಂದು ಕಥೆ ಓದಿ ಮುಗಿಸಲಾಗದು ಎಂಬ ದಿಗಿಲು ಹಲ್ಲುನೋವಿಗಿಂತ ದೊಡ್ಡದಾಗಿತ್ತು.

ಡಾಕ್ಟರಮ್ಮ ಇಂಜೆಕ್ಷನ್ ಚುಚ್ಚಿ, "ಮರಗಟ್ಲಿ" ಎಂದು ಗ್ಲೌಸ್ ಕಿತ್ತೆಸೆದು, ದವಡೆ ಸರಿಸಿ ಓದುತ್ತಾ ಕೂತರು. ನಾನು ಫೋನು ತೆಗೆದೆ.

"ಕ್ಯಾ ಮಾ, ಯಾರಾದ್ರೂ ತೀರ್ಕೊಂಡ್ರಾ?"

ಇಲ್ಲವೆಂದು ತಲೆಯಾಡಿಸಿದೆ.

"ಮತ್ತೆ ಕೈಕು, ಯಾಕೆ ಫೋನು? ಒಳಗಿಡು. ಓದೋ ಅಭ್ಯಾಸ ಇದ್ಯಾ?"

"ಇಷ್ಟ ಮೇಡಂ, ಟೈಮೇ ಸಿಗಲ್ಲ" ಎಂದೆ, ಸೊಟ್ಟ ಬಾಯಲ್ಲಿ.

"ಹಲ್ಲುಜ್ಜೋಕೂ ಸಿಕ್ಕಿಲ್ಲ, ಕಾಣ್ತಿದೆ." ಪುಟದಿಂದ ಕಣ್ಣೆತ್ತಲಿಲ್ಲ. "ನನಗೆ ಮನೇಲಿ ಅತ್ತೆ, ಮಕ್ಕಳು, ಇಲ್ಲಿ ನಿಮ್ಮಂಥೋರ ಹುಳುಕು. ಟೈಮು ನನಗ್ಯಾರು ತಟ್ಟೇಲಿಟ್ಟು ಕೊಟ್ರು? ಈ ಕಪಾಟಲ್ಲಿರೋದಷ್ಟೂ ನಿಮ್ಮ ಒಸಡು ಮರಗಟ್ಟೋ ಹೊತ್ತಲ್ಲೇ ಓದಿದ್ದು. ಎಲ್ಲರ ದಿನದಲ್ಲೂ ಮರಗಟ್ಟೋ ಹೊತ್ತು ಇರತ್ತಮ್ಮ. ನೀವು ಅದನ್ನ ತಗೊಂಡ್ಹೋಗಿ ಫೋನಿನ ಬಾಯಿಗೆ ಹಾಕ್ತೀರ."

ಹೊರಡುವಾಗ ಒಂದು ತೆಳ್ಳನೆಯ ಕಾದಂಬರಿ ಕೈಗಿಟ್ಟರು. ಲವಂಗದೆಣ್ಣೆಯ ವಾಸನೆ ಹೊಡೆಯುತ್ತಿತ್ತು. "ಮುಂದಿನ ವಾರ ಬರುವಾಗ ಓದ್ಕೊಂಡು ಬಾ."

ವಾರವೆಲ್ಲ ಮುಟ್ಟಲಿಲ್ಲ. ಹೋಗುವ ದಿನ ಬೆಳಿಗ್ಗೆ ಎದ್ದು ಎರಡು ಕೆಲಸ ಮಾಡಿದೆ: ಹಲ್ಲನ್ನು ಹಂಡೆ ಬೆಳಗಿದ ಹಾಗೆ ಉಜ್ಜಿದೆ, ಕಾದಂಬರಿಯ ಮೇಲೆ ದಡಬಡ ಕಣ್ಣಾಡಿಸಿದೆ. ಡಾಕ್ಟರಮ್ಮ ಬಾಯಿ ತೆಗೆಸಿ ನೋಡಿದ್ದೇ ನಕ್ಕರು.

"ಒಸಡೆಲ್ಲ ರಕ್ತ. ಇವತ್ತು ಬೆಳಿಗ್ಗೆ ಜೋರಾಗಿ ಉಜ್ಜಿದ್ದೀಯ ಅಲ್ವಾ? ಎಲ್ಲ ಪೇಷಂಟ್ಸೂ ಕಳ್ಳರೇ. ಪುಸ್ತಕಾನೂ ಬೆಳಿಗ್ಗೇನೇ ಉಜ್ಜಿದ್ದಾ?"

ಚೀಲದಿಂದ ಪುಸ್ತಕ ತೆಗೆದು ಚಾಚಿದೆ.

"ಹೇಳು, ಕೊನೆಗೆ ಅಳಿಯ ಹಬ್ಬಕ್ಕೆ ಬಂದ್ನಾ?"

"ಬಂದ" ಎಂದೆ ಧೈರ್ಯವಾಗಿ.

ಅವರು ಪುಸ್ತಕದ ಕೊನೆಯ ಪುಟ ತೆರೆದು ನನ್ನ ಮೂಗಿನ ಮುಂದೆ ಹಿಡಿದರು. 'ಬರಲೇ ಇಲ್ಲ' ಎಂದಿತ್ತು. "ನೀನು 'ಬರ' ಅನ್ನೋವರೆಗೆ ಓದಿ ಎದ್ದು ಹೊರಟ್ಹೋಗಿದ್ದೀಯ. ನಿನ್ನ ಅಜ್ಜಿ ಭಾಷೆ ಮಾ ಇದು! ಕ್ರಿಯಾಪದ ಕೊನೇಲಿ ಬರತ್ತೆ, 'ಇಲ್ಲ' ಅನ್ನೋದು ಅದರ ಬಾಲದಲ್ಲಿರತ್ತೆ. ಇಂಗ್ಲಿಷ್ ಥರ ಬಾಗಿಲಲ್ಲೇ ಎಲ್ಲಾ ಒದರಲ್ಲ. ದಿನಾ ಸ್ವಲ್ಪ ಓದು. ಆದ್ರೆ ಕ್ರಿಯಾಪದ ಬರೋವರೆಗೆ ಎದ್ದೇಳ್ಬೇಡ. ಅಷ್ಟೇ ಕಾನೂನು."

ಆಮೇಲೆ ನನ್ನ ಮರಗಟ್ಟುವ ಹೊತ್ತು ಯಾವುದೆಂದು ಹುಡುಕಿದೆ. ಕಷ್ಟವಾಗಲಿಲ್ಲ. ನಮ್ಮ ಮೀಟಿಂಗುಗಳು ಶುರುವಾಗುವ ಮುಂಚೆ, ದೊಡ್ಡ ದೊಡ್ಡ ಡಿಗ್ರಿ ಮಾಡಿದವರು ಒಬ್ಬರಿಗೊಬ್ಬರು "ಕೇಳಿಸ್ತಿದ್ಯಾ? ಸ್ಕ್ರೀನ್ ಕಾಣ್ತಿದ್ಯಾ?" ಎಂದು ಸಂತೆಯಲ್ಲಿ ಕಳೆದುಹೋದ ಮಕ್ಕಳ ಹಾಗೆ ಕೂಗುತ್ತಿರುತ್ತಾರೆ. ಆ ಹೊತ್ತು. ಮಹದೇವಪುರದಲ್ಲಿ ನೀರು ನಿಂತು ಕ್ಯಾಬು ಎಮ್ಮೆಯಂತೆ ಮಲಗುವ ಹೊತ್ತು. ಮೊದಮೊದಲು ಒಂದು ವಾಕ್ಯ, ಆಮೇಲೆ ಒಂದು ಪ್ಯಾರಾ, ಆಮೇಲೆ ಪುಟ. ಫೋಟೊ ಹಾಕಲಿಲ್ಲ.

ಹಲ್ಲಿಗೆ ಕ್ಯಾಪ್ ಹಾಕಿಸಲು ಹೋದ ದಿನ ನಮ್ಮ ಮ್ಯಾನೇಜರೂ ಜೊತೆಗೆ ಬಂದರು. ವಿಡಿಯೊ ಕಾಲಿನಲ್ಲಿ ಅವರ ಬೆನ್ನ ಹಿಂದೆ ಒಂದು ಕಪಾಟು ಕಾಣಿಸುತ್ತದೆ. ಪುಸ್ತಕಗಳನ್ನು ಬಣ್ಣದ ಪ್ರಕಾರ, ಸೀರೆ ಅಂಗಡಿಯವರಂತೆ ಜೋಡಿಸಿದ್ದಾರೆ. ಅವರ ಬುದ್ಧಿಹಲ್ಲು ಕೀಳಬೇಕಿತ್ತು. ಇಂಜೆಕ್ಷನ್ ಆಯಿತು, ಡಾಕ್ಟರಮ್ಮ ಪುಸ್ತಕ ಹಿಡಿದರು.

"ವಾವ್, ನೀವೂ ರೀಡರ್ರಾ ಮ್ಯಾಮ್? ನಾನು ಸಮ್ಮರಿ ಆ್ಯಪಲ್ಲಿ ಕೇಳ್ತೀನಿ. ಡಬಲ್ ಸ್ಪೀಡಲ್ಲಿ. ಇಂದಿರಾನಗರದಿಂದ ಆಫೀಸಿಗೆ ಹೋಗೋಷ್ಟರಲ್ಲಿ ಒಂದು ಬುಕ್ಕು ಖತಂ!"

"ಯಾರೋ ಅಗಿದು ಕೊಟ್ಟಿದ್ದನ್ನ ನೀವು ನುಂಗೋದು ಅನ್ನಿ" ಎಂದರು ಡಾಕ್ಟರಮ್ಮ, ಶಾಂತವಾಗಿ. "ಹಾಗಾದ್ರೆ ಬಾಕಿ ಹಲ್ಲುಗಳು ಯಾಕೆ? ಎಲ್ಲಾ ಕಿತ್ತಾಕ್ಲಾ?"

ಮ್ಯಾನೇಜರು ಹೆಹ್ಹೆಹ್ಹೆ ಎಂದರು.

"ಇರ್ಲಿ, ಬುದ್ಧಿಹಲ್ಲಂತೂ ಹೋಗತ್ತೆ. ನಿಮಗೇನೂ ನಷ್ಟ ಇಲ್ಲ, ಹೆದರ್ಬೇಡಿ."

ಮ್ಯಾನೇಜರು ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಗ್ರೂಪಿನಲ್ಲಿ ಹಾಕಿದರು: 'ಡೆಂಟಿಸ್ಟ್ ಜೊತೆ ಪುಸ್ತಕಗಳ ಬಗ್ಗೆ ಅದ್ಭುತ ಚರ್ಚೆ.' ಧಾರಾಳವಾಗಿ ಚಪ್ಪಾಳೆ ಬಿತ್ತು. ಅಗಿಯದೆ ನುಂಗಿದ್ದು ಮೈಗೆ ಹತ್ತುವುದಿಲ್ಲ ಎನ್ನುತ್ತಿದ್ದಳು ನನ್ನಜ್ಜಿ. ಬೈಗುಳವೂ ಹತ್ತುವುದಿಲ್ಲವೆಂದು ಅಂದು ತಿಳಿಯಿತು.

ಹಲ್ಲು ಸರಿಯಾದ ಮೇಲೂ ಪುಸ್ತಕ ಬದಲಿಸುವ ನೆಪದಲ್ಲಿ ಹೋಗುತ್ತಿದ್ದೆ. ಒಂದು ದಿನವೂ ಅವರು ಹೊಗಳಲಿಲ್ಲ. ಒಳ್ಳೆಯ ಪ್ರಶ್ನೆ ಕೇಳಿದರೆ ಮಾತ್ರ ಕನ್ನಡಕ ಏರಿಸಿ, "ಹೌ, ಇದು ಪ್ರಶ್ನೆ. ಕೂತ್ಕೋ" ಎನ್ನುತ್ತಿದ್ದರು.

ಈಚೆಗೆ ಅವರ ಎದೆಯ ಆಪರೇಷನ್ ಎಂದು ಮಗಳು ಫೋನ್ ಮಾಡಿ, "ಅಮ್ಮಿ ಪುಸ್ತಕ ತರೋಕೆ ಹೇಳಿದ್ದಾರೆ" ಎಂದಳು. ಹೋದೆ. ಹಸಿರು ಗೌನಿನಲ್ಲಿ ಚಿಕ್ಕ ಹುಡುಗಿಯ ಹಾಗೆ ಕಾಣುತ್ತಿದ್ದರು. ಕನ್ನಡಕ ತೆಗೆಸಿದ್ದರು.

"ಈ ಸಲ ಮರಗಟ್ಟೋ ಸರದಿ ನಂದು. ಓದು."

ಓದಿದೆ. ನಡುವೆ ಎರಡು ಸಲ ನನ್ನ ಮಹಾಪ್ರಾಣ ತಿದ್ದಿದರು. ಅಷ್ಟರಲ್ಲಿ ಸ್ಟ್ರೆಚರು ಬಂತು. ವಾರ್ಡಿನವನು "ಅಮ್ಮಾ, ಹೋಗೋಣ" ಎಂದ. ನಾನು ಪುಸ್ತಕ ಮುಚ್ಚಹೊರಟೆ.

"ಏಯ್, ನಕ್ಕೋ, ಮುಚ್ಬೇಡ!" ಎಂದು ಗದರಿದರು. ಅವನ ಕಡೆ ತಿರುಗಿ, "ಇರಪ್ಪ. ಕ್ರಿಯಾಪದ ಇನ್ನೂ ಬಂದಿಲ್ಲ" ಎಂದರು.

ಅವನಿಗೆ ಏನು ಅರ್ಥವಾಯಿತೋ, ಯಾರೋ ನೆಂಟರು ಬರಬೇಕಿದೆ ಎಂದುಕೊಂಡನೋ, ಬಾಗಿಲ ಕಡೆ ನೋಡುತ್ತಾ ನಿಂತ. ನಾನು ಓದಿದೆ: "ಹೊಸಿಲ ಹೊರಗೆ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಇಷ್ಟು ವರ್ಷ ತನ್ನನ್ನು ಒಳಗೆ ಬಿಡದಿದ್ದವರ ಮುಖವನ್ನು ಒಬ್ಬೊಬ್ಬರದಾಗಿ ನೋಡಿ, ಅವಳು ನಕ್ಕಳು."

"ನಕ್ಕಳಾ!" ಎಂದರು ಡಾಕ್ಟರಮ್ಮ. "ನಾನು ಅಳ್ತಾಳೆ ಅಂದ್ಕೊಂಡಿದ್ದೆ. ಚಲೋ."

ತಿರುಗಿ ಬರಲಿಲ್ಲ.

ಆಫೀಸಿನ ಓದಿನ ಜ್ವರ ಇಳಿದು ಈಗ ಓಟದ ಜ್ವರ ಬಂದಿದೆ. ಶೂಗಳ ಫೋಟೊಗಳು ಬೀಳುತ್ತಿವೆ. ಮೀಟಿಂಗಿನ ಗಂಟೆ ಹೊಡೆದು, ಎಲ್ಲರೂ ಒಳಗೆ ಸೇರಿ "ಕೇಳಿಸ್ತಿದ್ಯಾ" ಎನ್ನುತ್ತಿರುವಾಗ ನಾನು ವಾಕ್ಯದ ನಡುವೆ ಇರುತ್ತೇನೆ. ಮ್ಯಾನೇಜರು ಕೇಳುತ್ತಾರೆ, "ಯಾಕ್ರೀ ಲೇಟು? ಯಾರಿಗೆ ಕಾಯ್ತಿದ್ರಿ?"

ನೆಟ್‌ವರ್ಕ್ ಇರಲಿಲ್ಲ ಎನ್ನುತ್ತೇನೆ. ಅವರಿಗೆ ಅಷ್ಟು ಸಾಕು.